ಕೆಳಗಿಳಿಯದ ಹೆಂಚುಗಳು

ತಲೆಯ ಮೇಲೆ ಏನಿದೆ ಎಂದು ನೋಡದೆ ಕೆಲಸಕ್ಕೆ ಕೂಡುವ ಜನರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಅವರವರ ಕೆಲಸ ಇರುತ್ತದೆ. ಮೇಲೆ ನೋಡುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವರು ನೋಡದಿದ್ದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ನಿವೃತ್ತಳಾಗಿ ಮನೆಯಲ್ಲಿ ಕುಳಿತರೂ ಆ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.

ಸರ್ಕಾರಿ ಕಟ್ಟಡಗಳ ವಿಭಾಗಕ್ಕೆ ಎಂಜಿನಿಯರಾಗಿ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದರಿಂದ ನೀವು ಕಲಿಯಬೇಕಾದದ್ದು ಏನೂ ಇಲ್ಲ. ನಾನು ಹೇಳಬೇಕೆಂದಿರುವುದು ಸೀಲಿಂಗಿನ ವಿಷಯ. ನಗಬೇಡಿ. ಸೇತುವೆ ಕಟ್ಟಿದವರು, ಅಣೆಕಟ್ಟು ಕಟ್ಟಿದವರು ಸಭೆಗಳಲ್ಲಿ ಎದೆಯುಬ್ಬಿಸಿ ಮಾತಾಡುತ್ತಾರೆ. ನನ್ನ ನೌಕರಿಯ ಬಹುಪಾಲು ಜಗಳ ನಡೆದದ್ದು ಹಳೆಯ ಛಾವಣಿಯ ಕೆಳಗೆ ಹೊಸ ಸೀಲಿಂಗ್ ಹೇಗೆ ಕೂಡಬೇಕು ಎಂಬುದರ ಮೇಲೆ.

ನಮ್ಮ ಮನೆಯಲ್ಲಿ ಅಕ್ಷರ ಕಲಿತವಳು ನಾನೇ ಮೊದಲು. ಅಪ್ಪ ಗದಗಿನ ಹತ್ತಿ ಪೇಟೆಯಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುತ್ತಿದ್ದ. ಅವ್ವ ರೇಷನ್ ಅಂಗಡಿಯಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಕಡೆ ಹೆಬ್ಬೆಟ್ಟು ಒತ್ತಿ ನನ್ನನ್ನು ಬೆಳೆಸಿದಳು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಕೇಂದ್ರ ಸರ್ಕಾರದ ನೌಕರಿಗೆ ಸೇರಿದೆ. ನಮ್ಮ ಮನೆತನದಲ್ಲಿ ಸಹಿ ಎಂಬುದು ನನ್ನಿಂದ ಶುರುವಾಯಿತು. ಹಾಗಾಗಿ ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬ ವಿಷಯದಲ್ಲಿ ನಾನು ಜಿಪುಣಿ. ಮೇಲಧಿಕಾರಿಗಳು ಇದನ್ನು ಹಟ ಎಂದರು, ಹೆಂಗಸಿನ ಪುಕ್ಕಲುತನ ಎಂದರು. ಏನು ಬೇಕಾದರೂ ಅನ್ನಲಿ.

ನಾನು ವರ್ಗವಾಗಿ ನಾಗಪುರಕ್ಕೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಸದರ್ ಬಡಾವಣೆಯ ನಮ್ಮ ಕಚೇರಿಗಳೆಲ್ಲ ಹಳೆಯ ಕಲ್ಲಿನ ಬರಾಕುಗಳು. ಸಾಗವಾನಿ ಟ್ರಸ್ಸು, ಅದರ ಮೇಲೆ ನಾಡಹೆಂಚು. ಟ್ರಸ್ಸು ಎಂದರೆ ಛಾವಣಿಯನ್ನು ಹೊರುವ ತ್ರಿಕೋನದ ಚೌಕಟ್ಟು. ನಾಗಪುರದ ಮಿಸ್ತ್ರಿಗಳು ಅದನ್ನು ಕೈಂಚಿ ಎನ್ನುತ್ತಾರೆ, ಕತ್ತರಿ ಎಂದರ್ಥ. ಆ ಊರಿನ ಮೇ ತಿಂಗಳನ್ನು ಕಂಡವರಿಗೆ ಹೆಂಚಿನ ಕೆಳಗೆ ಕೂಡುವುದು ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ಕೂಲರು ಬಂತು, ಕೂಲರಿನ ಹಿಂದೆ ಏಸಿಯ ಆಸೆ ಬಂತು. ದಿಲ್ಲಿಗೆ ಹೋಗಿ ಬಂದ ಪ್ರತಿಯೊಬ್ಬ ಅಧಿಕಾರಿಯೂ ಅಲ್ಲಿಯ ಫಾಲ್ಸ್ ಸೀಲಿಂಗನ್ನು ಕಣ್ಣಲ್ಲಿ ತುಂಬಿಕೊಂಡು ಬಂದು ನಮ್ಮ ತಲೆಯ ಮೇಲೆ ಇಳಿಸತೊಡಗಿದ.

ಕೈಂಚಿಯ ಕೆಳಗಿನ ಅಡ್ಡತೊಲೆ ಇದೆಯಲ್ಲ, ಅದು ಇರುವುದು ಎರಡು ಇಳಿಜಾರು ತೊಲೆಗಳು ಹೊರಕ್ಕೆ ಜಾರದಂತೆ ಎಳೆದು ಹಿಡಿಯಲಿಕ್ಕೆ. ಅದು ಬಟ್ಟೆ ಒಣಹಾಕುವ ಗಳುವಲ್ಲ. ಆದರೆ ಅಡ್ಡಲಾಗಿ, ನೆಟ್ಟಗೆ, ಅನುಕೂಲವಾಗಿ ಇರುವುದರಿಂದ ಎಲ್ಲರ ಕಣ್ಣಿಗೂ ಗಳುವಿನಂತೆಯೇ ಕಾಣುತ್ತದೆ. ಕಟ್ಟಡ ಸಂಹಿತೆ ಮತ್ತು ಇಲಾಖೆಯ ನಿಯಮಗಳು ಹೇಳುವುದು ಕಷ್ಟದ ಮಾತೇನಲ್ಲ. ಹಳೆಯ ಕಟ್ಟಡವನ್ನು ಮಾರ್ಪಡಿಸುವಾಗ ಹೊಸ ಭಾರವನ್ನು ಹಳೆಯ ಟ್ರಸ್ಸು ತಾಳುತ್ತದೆಯೇ ಎಂದು ಮೊದಲು ಲೆಕ್ಕ ಹಾಕಿ. ಸೀಲಿಂಗನ್ನು ತೂಗುಹಾಕಲೇಬೇಕಾದರೆ ತೊಲೆಗಳು ಬಂದು ಕೂಡುವ ಗಂಟಿನಲ್ಲಿ ತೂಗುಹಾಕಿ, ನಡುವೆ ಅಲ್ಲ. ವೈರುಗಳನ್ನು ಪೈಪಿನೊಳಗೆ ಒಯ್ಯಿರಿ. ಬೇಗ ಹೊತ್ತಿಕೊಳ್ಳುವ ವಸ್ತು ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬ ಮನುಷ್ಯ ಮೇಲೆ ಹತ್ತಿ ನೋಡಲಿಕ್ಕೆ ಒಂದು ಕಂಡಿ ಬಿಡಿ. ರಜೆಯಲ್ಲಿ ಮನೆಗೆ ಹೋದಾಗ ಅಪ್ಪ ನನ್ನ ಈ ಪಾಠ ಕೇಳಿ, "ಅಂಡಿಗಿ ಬೆನ್ನಿನ ಮ್ಯಾಲ ಕುಂತ್ರ ಹೊರಬೌದು, ಗೋಣಿನ ಮ್ಯಾಲ ಕುಂತ್ರ ಸಾಯ್ತೀವಿ, ಇಷ್ಟ ಹೌದಲ್ಲ?" ಎಂದಿದ್ದ. ಇಷ್ಟೇ ಹೌದು.

ಮೊದಲ ಜಗಳ ನಾಗಪುರದ ಅಂಚಿನ ವಾಡಿಯಲ್ಲಿ ಆಯಿತು. ಲಾರಿಗಳ ದೂಳಿನ ನಡುವೆ ನಮ್ಮ ಇಲಾಖೆಯದೊಂದು ಉಗ್ರಾಣವಿತ್ತು. ತಗಡಿನ ಛಾವಣಿ, ಸಣಕಲು ಕಬ್ಬಿಣದ ಟ್ರಸ್ಸು. ಮೂಲೆಯಲ್ಲಿ ಗುಮಾಸ್ತರು ಕೂಡುವ ಜಾಗಕ್ಕೆ ಸೀಲಿಂಗ್ ಮಂಜೂರಾಗಿತ್ತು. ನಾನು ಹೋಗುವಷ್ಟರಲ್ಲಿ ಗುತ್ತಿಗೆದಾರನ ಜನ ಅಡ್ಡಪಟ್ಟಿಯ ನಟ್ಟನಡುವೆ ತಂತಿ ಬಿಗಿದು ಪ್ಲಾಸ್ಟರ್ ಹಾಳೆಗಳನ್ನು ತೂಗಿಸುತ್ತಿದ್ದರು. ಕೆಲಸ ನಿಲ್ಲಿಸಿದೆ. ಗುತ್ತಿಗೆದಾರ ಬೀಡಿ ಆರಿಸದೆಯೇ, "ಕುಛ್ ನಹೀ ಹೋತಾ, ಮೇಡಂ" ಎಂದ.

ಏನೂ ಆಗುವುದಿಲ್ಲ. ಈ ಮಾತನ್ನು ನಾಗಪುರದಲ್ಲಿ ನಾನು ಕೇಳಿದಷ್ಟು ಸಲ ನನ್ನ ಹೆಸರನ್ನೂ ಕೇಳಿಲ್ಲ.

ಜೀಪಿನಲ್ಲಿ ಬಾಪಟ್ ಸಾಹೇಬರು ಬಂದರು. ಅವರು ನಮ್ಮ ಎಕ್ಸಿಕ್ಯೂಟಿವ್ ಎಂಜಿನಿಯರು, ನನ್ನ ನೇರ ಮೇಲಧಿಕಾರಿ. ಮಾತು ಮರಾಠಿಯಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅರೇ ಮೇಡಂ, ನೀವು ಪುಸ್ತಕ ಓದಿ ಬಂದವರು. ನಾವು ಫೀಲ್ಡಿನಲ್ಲಿ ಬೆಳೆದವರು."

"ಆ ಪುಸ್ತಕ ಓದಿಸಲಿಕ್ಕೆ ನಮ್ಮಪ್ಪ ಬೆನ್ನು ಸವೆಸಿದ್ದಾನೆ ಸಾಹೇಬರೆ. ಸುಮ್ಮನೆ ಮುಚ್ಚಿಡಲಿಕ್ಕೆ ಬರುವುದಿಲ್ಲ."

"ಹಾಗಾದರೆ ಈ ಪಾಪದ ಗುಮಾಸ್ತರು ಬೇಯಲಿ?"

"ಬೇಡ. ಸೀಲಿಂಗಿಗೆ ಅದರದೇ ಕಾಲು ಕೊಡೋಣ. ನಾಲ್ಕು ಮೂಲೆಗೆ ಕಂಬ ನಿಲ್ಲಿಸಿ, ಅದರ ಮೇಲೆ ಚೌಕಟ್ಟು. ಟ್ರಸ್ಸನ್ನು ಮುಟ್ಟುವುದೇ ಬೇಡ."

"ಇದೇನು ಮದುವೆ ಮಂಟಪವೇ?"

"ಹೌದು. ಅಕ್ಷತೆ ನೀವೇ ತನ್ನಿ."

ಅವರ ಡ್ರೈವರ್ ಮುಖ ತಿರುಗಿಸಿ ನಕ್ಕ. ಬಾಪಟ್ ನಗಲಿಲ್ಲ. ಆದರೂ ಕಂಬಗಳು ನಿಂತವು. ಮರುವರ್ಷ ಮಳೆಗಾಲದ ಮುಂಚಿನ ಗಾಳಿಗೆ ಆ ಉಗ್ರಾಣದ ತಗಡು ಕಿತ್ತು ರಸ್ತೆಗೆ ಹೋಗಿ ಬಿತ್ತು. ಮಂಟಪ ಮಾತ್ರ ಅಲುಗಲಿಲ್ಲ, ಕೆಳಗಿನ ಗುಮಾಸ್ತರಿಗೆ ಒಂದು ಗೀರೂ ಆಗಲಿಲ್ಲ. ಇದಕ್ಕಾಗಿ ನನಗೆ ಬಂದದ್ದು ಆಡಿಟ್ ಪ್ರಶ್ನೆ: ಮೇಲಿನಿಂದ ತೂಗುಹಾಕಬಹುದಾಗಿದ್ದ ಸೀಲಿಂಗಿಗೆ ಕಂಬಗಳು ಏಕೆ? ಉತ್ತರ ಬರೆದೆ. ತೃಪ್ತಿಕರವಾಗಿಲ್ಲ ಎಂದು ಮರಳಿ ಬಂತು. ಮತ್ತೆ ಬರೆದೆ. ಗಾಳಿಗೆ ಹಾರಿದ ತಗಡು ಯಾಕೆ ಹಾರಿತು ಎಂದು ಕೇಳಿದವರು ಮಾತ್ರ ಯಾರೂ ಇಲ್ಲ.

ಅಷ್ಟರಲ್ಲಿ ಸದರ್ ಕಚೇರಿಯ ಹಾಲಿನ ಪ್ರಕರಣ ಬಂತು. ನಿಜವಾಗಿ ಹೇಳಬೇಕಾದದ್ದು ಅದನ್ನೇ.

ಅದು ಲೆಕ್ಕಪತ್ರ ವಿಭಾಗದ ಉದ್ದನೆಯ ಹಾಲು. ಅಲ್ಲಿ ಕೂಡುವವರು ಬಹುತೇಕ ಹೆಂಗಸರು. ಅವರಲ್ಲಿ ಒಬ್ಬಳು ಧಾರವಾಡದ ಸುಶೀಲಾ ಕುಲಕರ್ಣಿ, ಗಂಡನ ಬ್ಯಾಂಕ್ ನೌಕರಿಯ ಬೆನ್ನಿಗೆ ನಾಗಪುರಕ್ಕೆ ಬಂದವಳು. ದಿನವಿಡೀ ಮರಾಠಿ ಹಿಂದಿ ಆಡಿ ದಣಿದ ನಾಲಿಗೆಗೆ ಕನ್ನಡ ಸಿಗುತ್ತಿದ್ದುದು ನಮಗೆ ಒಬ್ಬರಿಗೊಬ್ಬರಿಂದಲೇ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಾನು ಅಲ್ಲಿಗೇ ಹೋಗುತ್ತಿದ್ದೆ. ನನ್ನ ರೊಟ್ಟಿ ಅವಳಿಗೆ, ಅವಳ ಚಿತ್ರಾನ್ನ ನನಗೆ.

ನಾನು ಆ ಕಟ್ಟಡದ ಹೊಣೆ ಹೊರುವುದಕ್ಕೆ ಬಹಳ ಮೊದಲೇ ಹಾಲಿಗೆ ಪ್ಲೈವುಡ್ಡಿನ ಸೀಲಿಂಗ್ ಬಂದಿತ್ತು. ಕೈಂಚಿಗಳ ಅಡ್ಡತೊಲೆಗೇ ಮೊಳೆ ಹೊಡೆದು ತೂಗಿಸಿದ್ದರು. ಕಂಡಿ ಇರಲಿಲ್ಲ. ಸುಶೀಲೆಯ ಕುರ್ಚಿಯ ಮೇಲೆ ಸೀಲಿಂಗ್ ಸ್ವಲ್ಪ ಜೋತುಬಿದ್ದಿತ್ತು. ಬಣ್ಣ ಬಳಿದಾಗಲೆಲ್ಲ ಹೊಸ ಹೊಳಪಿನಲ್ಲಿ ಕೆಲವು ದಿನ ಅದು ಕಣ್ಣಿಗೆ ಬೀಳುತ್ತಿರಲಿಲ್ಲ, ಬಣ್ಣ ಮಾಸಿದ ಮೇಲೆ ಮತ್ತೆ ಕಾಣುತ್ತಿತ್ತು.

ಬಾಪಟ್ ಸಾಹೇಬರಿಗೆ ಈಗ ಅದೇ ಹಾಲನ್ನು ನವೀಕರಿಸುವ ಹುಮ್ಮಸ್ಸು. ಹಳೆಯ ಪ್ಲೈವುಡ್ ಹಾಗೆಯೇ ಇರಲಿ, ಅದಕ್ಕೇ ಥರ್ಮೋಕೋಲ್ ಬಿಲ್ಲೆಗಳನ್ನು ಅಂಟಿಸಿ, ಒಳಗೆ ಕೂಲರಿನ ಗಾಳಿಯ ಕೊಳವೆ ಒಯ್ಯುವುದು ಎಂಬ ಯೋಜನೆ. ಹಳೆಯ ಛಾವಣಿ ಸುಭದ್ರವಾಗಿದೆ ಎಂದು ನಾನು ಬರೆದು ಸಹಿ ಮಾಡಿದರೆ ಕೆಲಸ ಶುರು.

"ಒಳಗೆ ನೋಡದೆ ಹೇಗೆ ಬರೆಯಲಿ? ಒಂದು ಕಂಡಿ ಕೊರೆಸಿ" ಎಂದೆ.

"ಹಾಲಿನ ಚಂದ ಕೆಡುತ್ತದೆ. ಉದ್ಘಾಟನೆಗೆ ದಿಲ್ಲಿಯಿಂದ ಜನ ಬರುತ್ತಾರೆ."

"ಅಲ್ಲಿ ನೋಡಿ ಸಾಹೇಬರೆ, ಸೀಲಿಂಗಿಗೆ ಹೊಟ್ಟೆ ಬಂದಿದೆ."

"ಇಷ್ಟು ವಯಸ್ಸಾದ ಮೇಲೆ ಯಾರಿಗೆ ಬರುವುದಿಲ್ಲ ಮೇಡಂ?" ಎಂದು ತಮ್ಮ ಹೊಟ್ಟೆಯನ್ನೇ ತಟ್ಟಿಕೊಂಡರು. ಸುತ್ತ ನಿಂತವರು ನಕ್ಕರು. ಅಧಿಕಾರಿ ಜೋಕು ಹೇಳಿದರೆ ನಗುವುದೂ ನಮ್ಮಲ್ಲಿ ನೌಕರಿಯ ಭಾಗ.

ಅದೇ ವಾರ ಅಂಗಳದಲ್ಲಿ ತೋಟಗಾರ ಶಂಕರರಾವ್ ಗುಲಾಬಿ ಮಡಿಗಳಿಗೆ ಇಟ್ಟಿಗೆ ಚೂರು ಆರಿಸುತ್ತ ಗೊಣಗುತ್ತಿದ್ದ. ಯಾಕಪ್ಪಾ ಎಂದೆ.

"ಏನ್ ಮಾಡ್ಲಿ ಮೇಡಂಬಾಯಿ, ಮೊದಲು ಮಡಿಯ ಅಂಚಿಗೆ ಒಡೆದ ಕವೇಲು ಬೇಕಾದಷ್ಟು ಸಿಗ್ತಿತ್ತು. ಈ ಹಾಲಿಗೆ ಸೀಲಿಂಗ್ ಆದಮೇಲೆ ಒಂದು ಚೂರೂ ಸಿಗೋದಿಲ್ಲ."

ಕವೇಲು ಎಂದರೆ ನಾಡಹೆಂಚು. ವಿದರ್ಭದಲ್ಲಿ ಪ್ರತಿ ವರ್ಷ ಮಳೆಗೆ ಮುಂಚೆ ಆಳುಗಳು ಛಾವಣಿ ಹತ್ತಿ ಹೆಂಚು ತಿರುವಿ ಹಾಕುತ್ತಾರೆ. ಒಡೆದದ್ದನ್ನು ತೆಗೆದು ಹೊಸದು ಕೂರಿಸುತ್ತಾರೆ. ಹೊಸ ಹೆಂಚು ಬುಟ್ಟಿಯಲ್ಲಿ ಮೇಲೆ ಹೋಗುವುದನ್ನು ಪ್ರತಿ ವರ್ಷ ನಾನೇ ನಿಂತು ನೋಡಿದ್ದೇನೆ. ಒಡೆದದ್ದು ಎಲ್ಲಿ ಹೋಗುತ್ತಿತ್ತು?

ಅಲ್ಲಿಯೇ ನಿಂತು ತಲೆಯೆತ್ತಿ ಛಾವಣಿ ನೋಡಿದೆ. ಸೀಲಿಂಗ್ ಇಲ್ಲದಿದ್ದಾಗ ಒಡೆದ ಹೆಂಚು ಮೇಜಿನ ಮೇಲೆ ಬಿದ್ದರೆ ಬೈಗುಳ ತಿನ್ನಬೇಕಾಗುತ್ತಿತ್ತು. ಅದಕ್ಕೇ ಆಳುಗಳು ಅದನ್ನು ಜೋಪಾನವಾಗಿ ಏಣಿಯಿಂದ ಇಳಿಸುತ್ತಿದ್ದರು. ಸೀಲಿಂಗ್ ಬಂದಮೇಲೆ ಇಳಿಸುವ ಗರಜು ಯಾರಿಗೆ? ಕಾಲ ಬುಡದಲ್ಲೇ ಕಾಣದ ಜಾಗವಿದೆ, ಅಲ್ಲೇ ಬಿಟ್ಟರಾಯಿತು. ಹೋಗಿ ನೋಡಲಿಕ್ಕೆ ಕಂಡಿಯೇ ಇಲ್ಲವಲ್ಲ.

ಏಣಿ ತರಿಸಿ ಹೊರಗಿನಿಂದ ಛಾವಣಿ ಹತ್ತಿದೆ. ಸೀರೆ ಉಟ್ಟು ಛಾವಣಿ ಹತ್ತಿದ್ದನ್ನು ನೋಡಲಿಕ್ಕೆ ಅಂಗಳದಲ್ಲಿ ಗುಂಪು ಸೇರಿತು; ಕಟ್ಟಡ ನೋಡಲಿಕ್ಕೆ ಅಷ್ಟು ಜನ ಸೇರಿದ್ದರೆ ಚೆನ್ನಾಗಿತ್ತು. ಸುಶೀಲೆಯ ಕುರ್ಚಿಯ ನೇರಕ್ಕೆ ಹೆಂಚು ಸರಿಸಿ ಟಾರ್ಚು ಬಿಟ್ಟೆ. ಪ್ಲೈವುಡ್ಡಿನ ಮೇಲೆ ಒಡೆದ ಹೆಂಚಿನ ದಿಬ್ಬ. ಅದರ ಮೇಲೆ ಕೋರಾಡಿಯ ವಿದ್ಯುತ್ ಸ್ಥಾವರದ ಕಡೆಯಿಂದ ಗಾಳಿ ತಂದ ಬೂದಿ, ಪಾರಿವಾಳದ ಗೂಡು, ಹರಿದ ಗೋಣಿಚೀಲ. ವರ್ಷ ವರ್ಷದ್ದೂ ಪದರ ಪದರವಾಗಿ ಕೂತಿತ್ತು. ಅಡ್ಡತೊಲೆ ಬಿಲ್ಲಿನಂತೆ ಕೆಳಕ್ಕೆ ಬಾಗಿತ್ತು. ಸೂರಿನ ಅಂಚಿಗೆ ಸರಿದು ಅಲ್ಲಿಯೂ ಹೆಂಚು ತೆಗೆದು, ಗೋಡೆಯೊಳಗೆ ಸೇರುವ ಅದರ ತುದಿಯನ್ನು ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಟೊಳ್ಳಾಗಿ ಕೊಳೆತಿತ್ತು. ಅದರ ಕೆಳಗೆ ಟೈಪ್‌ರೈಟರುಗಳು ಟಕಟಕ ಎನ್ನುತ್ತಿದ್ದವು.

ಸಹಿ ಮಾಡುವುದಿಲ್ಲ ಎಂದೆ. ಹಾಲು ತೆರವು ಮಾಡಿ ಸೀಲಿಂಗ್ ಬಿಚ್ಚಬೇಕು ಎಂದೂ ಬರೆದು ಕೊಟ್ಟೆ, ಪ್ರತಿಯನ್ನು ಮುಖ್ಯ ಕಚೇರಿಗೂ ಕಳಿಸಿದೆ. ಬಾಪಟ್ ಬಾಗಿಲು ಹಾಕಿ ಕೂರಿಸಿಕೊಂಡರು.

"ಇಷ್ಟು ವರ್ಷ ಬೀಳಲಿಲ್ಲ, ನೀವು ಬಂದಿರಿ ಅಂತ ಬೀಳುತ್ತದೆಯೇ? ಕುಛ್ ನಹೀ ಹೋತಾ."

"ಹಾಗಾದರೆ ನಿಮ್ಮ ಮೇಜನ್ನು ಅಲ್ಲಿಗೆ ಹಾಕಿಸುತ್ತೇನೆ. ಕುಲಕರ್ಣಿಬಾಯಿ ನಿಮ್ಮ ಕೋಣೆಯಲ್ಲಿ ಕೂಡಲಿ."

"ಮೇಡಂ, ಚಂದ್ರಪುರದಾಚೆ ಕಾಡಿನಲ್ಲಿ ಒಂದು ಹುದ್ದೆ ಖಾಲಿ ಇದೆ, ಗೊತ್ತಲ್ಲ?"

"ಗೊತ್ತು. ಅಲ್ಲಿಯೂ ಛಾವಣಿ ಇರುತ್ತದೆ."

ಮುಖ್ಯ ಕಚೇರಿಗೆ ಕಾಗದ ಹೋಗಿಬಿಟ್ಟಿದ್ದರಿಂದ ತೆರವು ಮಾಡದೆ ಅವರಿಗೆ ದಾರಿ ಇರಲಿಲ್ಲ. ಆದರೆ ಅದು ಮೇ ತಿಂಗಳು. ಹೆಂಗಸರೆಲ್ಲ ಟೈಪ್‌ರೈಟರು ಹೊತ್ತು ವರಾಂಡಕ್ಕೆ ಬಂದರು. ಲಾವಂಚದ ತಟ್ಟಿಗೆ ಎಷ್ಟು ನೀರು ಹೊಡೆದರೂ ಬಿಸಿಗಾಳಿ ಅದನ್ನು ಕುಡಿದುಬಿಡುತ್ತಿತ್ತು. ಒಬ್ಬಳು ಗರ್ಭಿಣಿ ತಲೆಸುತ್ತಿ ಬಿದ್ದಳು. ಸಾಹೇಬರು ಬಂದು ಎಲ್ಲರೆದುರು, "ನಾನೇನು ಮಾಡಲಿ, ನಿಮ್ಮ ಮೇಡಂ ಕಾನೂನು ಓದಿದ್ದಾರೆ" ಎಂದು ಕೈತೊಳೆದುಕೊಂಡು ಹೋದರು. ಅಂದಿನಿಂದ ನನಗೆ ಅಲ್ಲಿ ಊಟಕ್ಕೆ ಜಾಗವಿಲ್ಲ.

ಉಳಿದವರ ಮಾತು ಬಿಡಿ, ಸುಶೀಲೆಯ ಮಾತು ಮಾತ್ರ ನಾಟಿತು.

"ಶಾಂತಕ್ಕಾ, ನಿಮ್ಮ ಕಾನೂನು ಬ್ಯಾಸಗಿ ಮುಗದ ಮ್ಯಾಲ ಬಂದಿದ್ರ ಆಗ್ತಿದ್ದಿಲ್ಲೇನು?"

"ಅದು ಬೀಳೂದು ಬ್ಯಾಸಗಿ ನೋಡಿ ಬೀಳ್ತೈತೇನ, ಸುಶೀ?"

"ಬೀಳ್ತದ, ಬೀಳ್ತದ! ಎಲ್ಲಿ ಬಿದ್ದದರೀ? ನಿಮ್ಮ ದೊಡ್ಡಸ್ತನಕ್ಕ ಆ ಬಸುರಿ ಹುಡುಗಿ ಬಿದ್ಲು. ಅದನ್ನ ನೋಡ್ರಿ."

ಬೀಳದ ಛಾವಣಿಯ ಪರವಾಗಿ ಸಾಕ್ಷಿ ಹೇಳುವವರು ಯಾರು?

ಸೀಲಿಂಗ್ ಬಿಚ್ಚುವ ದಿನ ಕೆಳಗಿನಿಂದ ಆಸರೆಗಂಬ ಕೊಟ್ಟು, ಹಾಳೆ ಹಾಳೆಯಾಗಿ ಇಳಿಸಿದೆವು. ಒಡೆದ ಹೆಂಚನ್ನು ಬುಟ್ಟಿ ಬುಟ್ಟಿಯಾಗಿ ತಂದು ಅಂಗಳದಲ್ಲಿ ಸುರಿದರು. ರಾಶಿ ಏರಿತು, ಇನ್ನೂ ಏರಿತು. ಟೈಪ್‌ರೈಟರುಗಳ ಸದ್ದು ಒಂದೊಂದಾಗಿ ನಿಂತಿತು. ಹೆಂಗಸರು ವರಾಂಡದ ಅಂಚಿಗೆ ಬಂದು ನಿಂತರು. ಶಂಕರರಾವ್ ಒಬ್ಬನೇ, "ನಮ್ಮ ಕವೇಲು!" ಎಂದು ಖುಷಿಯಿಂದ ಕೂಗಿದ.

ಬಾಪಟ್ ಬಂದು ರಾಶಿ ನೋಡಿದರು, ಬಾಗಿದ ತೊಲೆ ನೋಡಿದರು. "ನೋಡಿ, ಇಷ್ಟೆಲ್ಲ ಹೊತ್ತಿತ್ತು. ಹಳೆಯ ಕಾಲದ ಸಾಗವಾನಿ ಅಂದರೆ ಇದು" ಎಂದರು. ನನ್ನ ಮೈ ಉರಿದುಹೋಯಿತು. ಇದನ್ನೇ ನಿಮಗೆ ಹೇಳಬೇಕೆಂದಿರುವುದು, ಮಕ್ಕಳೇ. ನಮ್ಮ ಕೆಲಸ ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗಲಿಲ್ಲವಲ್ಲ ಎಂದು ನಮ್ಮನ್ನೇ ಬೈಯುತ್ತಾರೆ. ಛಾವಣಿ ಬಿದ್ದು ಯಾರಾದರೂ ಸತ್ತಿದ್ದರೆ ನನ್ನ ಕಾಗದಕ್ಕೆ ಬೆಲೆ ಬರುತ್ತಿತ್ತು. ಅಂಥ ಬೆಲೆ ಬೇಡವೆಂದೇ ಕಾಗದ ಬರೆದದ್ದು.

ಅವರು ಹೋದ ಮೇಲೆ ಸುಶೀಲಾ ಖಾಲಿ ಹಾಲಿನೊಳಗೆ ಬಂದಳು. ತನ್ನ ಕುರ್ಚಿ ಇದ್ದ ಜಾಗದಲ್ಲಿ ನಿಂತು ಮೇಲೆ ನೋಡಿದಳು.

"ಇಲ್ಲೆ ಒಂದು ಕಂಡಿ ಇದ್ರ ಮೊದಲಽ ಕಾಣ್ತಿತ್ತಲ್ಲ. ಯಾಕ ಬಿಟ್ಟಿದ್ದಿಲ್ಲ?"

"ಚಂದ ಕೆಡ್ತೈತಂತ."

"ಯಾರ ಚಂದರೀ?" ಎಂದಳು. ಅಷ್ಟೇ. ಕ್ಷಮೆ ಕೇಳುವ ಜಾತಿಯ ಹೆಂಗಸಲ್ಲ ಅವಳು. ಮರುದಿನ ಮಧ್ಯಾಹ್ನ ವರಾಂಡದಲ್ಲಿ ಅವಳ ಪಕ್ಕ ಒಂದು ಸ್ಟೂಲು ಖಾಲಿ ಇತ್ತು, ಅದರ ಮೇಲೆ ಚಿತ್ರಾನ್ನದ ಡಬ್ಬಿಯಿತ್ತು.

ಚಂದ್ರಪುರದಾಚೆಗೆ ವರ್ಗದ ಆದೇಶ ಮಳೆಗಾಲಕ್ಕೇ ಬಂತು. ಹೋದೆ. ಆಮೇಲೆ ಇನ್ನೂ ನಾಲ್ಕಾರು ಊರು. ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ಟ್ರೇಸಿಂಗ್ ಹಾಳೆಯ ಮೇಲೆ ಬೆನ್ನು ಬಗ್ಗಿಸಿ ಗೆರೆ ಎಳೆಯುತ್ತಿದ್ದ ಜಾಗಕ್ಕೆ ಕಂಪ್ಯೂಟರು ಬಂತು. ಪ್ಲೈವುಡ್ ಹೋಗಿ ಜಿಪ್ಸಮ್ ಹಲಗೆ ಬಂತು. ಟ್ರಸ್ಸಿನ ಲೆಕ್ಕಕ್ಕೆ ನಾನು ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದೆ. ಈಗಿನ ಹುಡುಗರು ಚಹಾ ಆರುವುದರೊಳಗೆ ಮುಗಿಸುತ್ತಾರೆ. ಒಳ್ಳೆಯದೇ. ಆದರೆ ಕಂಪ್ಯೂಟರಿಗೆ ನೀವು ಹೇಳಿದ ಭಾರವಷ್ಟೇ ಗೊತ್ತು. ಆಳುಗಳು ಇಳಿಸದೆ ಬಿಟ್ಟ ಹೆಂಚು ಅದಕ್ಕೆ ಗೊತ್ತಿಲ್ಲ. ಅದಕ್ಕೆ ನೀವೇ ಹತ್ತಬೇಕು, ನಿಮ್ಮ ಬೆರಳಿನಿಂದಲೇ ಒತ್ತಿ ನೋಡಬೇಕು.

ನೌಕರಿಯ ಕೊನೆಗೆ ಮತ್ತೆ ನಾಗಪುರಕ್ಕೆ ಬಂದೆ. ಬೀಳ್ಕೊಡುಗೆಯನ್ನು ಅದೇ ಹಾಲಿನಲ್ಲಿ ಇಟ್ಟಿದ್ದರು. ಆಗಷ್ಟೇ ನವೀಕರಣವಾಗಿತ್ತು. ಬೆಳ್ಳಗಿನ ಜಿಪ್ಸಮ್ ಸೀಲಿಂಗ್, ಅಂಚಿಗೆ ದೀಪ, ಮೈ ನಡುಗಿಸುವ ಏಸಿ. ಕೊಳೆತ ತೊಲೆ ಬದಲಿಸಿದ್ದು ಬಿಟ್ಟರೆ ಮೇಲೆ ಅವೇ ಕೈಂಚಿಗಳು, ಅವೇ ನಾಡಹೆಂಚು. ಹಿಂದಿನ ವಾರವಷ್ಟೇ ಆಳುಗಳು ಹತ್ತಿ ಹೆಂಚು ತಿರುವಿದ್ದನ್ನು ಹೊರಗಿನಿಂದ ನೋಡಿದ್ದೆ. ಹೊಸ ಸಾಹೇಬರು, ಚೂಟಿಯಾದ ಹುಡುಗ, ನನ್ನ ನಿಷ್ಠೆ, ನನ್ನ ನಿಯಮಪಾಲನೆ ಎಂದೆಲ್ಲ ಹೊಗಳಿದರು. ನಾನು ಕೇಳುತ್ತಿರಲಿಲ್ಲ. ಸೀಲಿಂಗಿನ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸುತ್ತಿದ್ದೆ. ಶಾಲು ಹೊದಿಸಿದರು. ಮೈಕು ಕೊಟ್ಟು, "ಕಿರಿಯರಿಗೆ ಎರಡು ಮಾತು ಹೇಳಿ ಮೇಡಂ" ಎಂದರು.

"ಕಂಡಿ ಎಲ್ಲಿದೆ?" ಎಂದೆ.

ಜೋಕೆಂದು ತಿಳಿದು ಚಪ್ಪಾಳೆ ತಟ್ಟಿದರು. ನಾನು ಮತ್ತೆ ಕೇಳಿದೆ. ಸಾಹೇಬರ ನಗು ಸ್ವಲ್ಪ ಇಳಿಯಿತು.

"ಡಿಸೈನಿನಲ್ಲಿತ್ತು ಮೇಡಂ. ಲುಕ್ ಹಾಳಾಗುತ್ತದೆ ಅಂತ ಕೈಬಿಟ್ಟೆವು."

"ಹೋದ ವಾರದ ಒಡೆದ ಕವೇಲು ಎಲ್ಲಿದೆ?"

ಅವರು ಪಕ್ಕದವನನ್ನು ನೋಡಿದರು, ಅವನು ತನ್ನ ಪಕ್ಕದವನನ್ನು ನೋಡಿದ. "ಇವತ್ತು ಅದೆಲ್ಲ ಯಾಕೆ ಮೇಡಂ? ಇವತ್ತು ನಿಮ್ಮ ದಿನ. ಕುಛ್ ನಹೀ ಹೋತಾ."

ಶಾಲು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದೆ. ಸಿಟ್ಟಿಗೆ ಕಣ್ಣು ತುಂಬಿಬಂತು. ಇಷ್ಟು ವರ್ಷ ಯಾರಿಗಾಗಿ ಕೂಗಿಕೊಂಡೆ?

ಆಗ ಮಧ್ಯದ ಸಾಲಿನಲ್ಲಿ ಒಂದು ಕುರ್ಚಿ ಕರ್ರೆಂದು ಸರಿಯಿತು. ಸುಶೀಲಾ ಎದ್ದು ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು, ಆ ವಿಭಾಗಕ್ಕೆಲ್ಲ ಈಗ ಅವಳೇ ಸೂಪರಿಂಟೆಂಡೆಂಟ್. ಚಹಾದ ಕಪ್ಪನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕುರ್ಚಿಯೆತ್ತಿಕೊಂಡು ಮರಾಠಿಯಲ್ಲಿ ತನ್ನ ಹುಡುಗಿಯರಿಗೆ, "ಚಲಾ, ಎಲ್ಲರೂ ಹೊರಗೆ. ಕುರ್ಚಿ ತಗೊಳ್ಳಿ" ಎಂದಳು.

"ಕುಲಕರ್ಣಿ ಮೇಡಂ, ಹೊರಗೆ ಬಿಸಿಲು!" ಎಂದರು ಸಾಹೇಬರು.

"ಬಿಸಿಲು ತಲೆ ಮೇಲೆ ಬಿದ್ದರೆ ಛತ್ರಿ ಹಿಡೀತೀವಿ ಸರ್. ನೀವು ಕಂಡಿ ಕೊರೆಸಿ, ಹತ್ತಿ ನೋಡಿ, ಆಮೇಲೆ ಕರೀರಿ. ಅಲ್ಲಿವರೆಗೆ ನಮ್ಮ ವಿಭಾಗ ವರಾಂಡದಲ್ಲಿರುತ್ತೆ."

ಒಬ್ಬೊಬ್ಬರಾಗಿ ಎದ್ದರು. ಕುರ್ಚಿಗಳ ಸದ್ದಿನಲ್ಲಿ ಮೈಕಿನ ಸದ್ದು ಮುಳುಗಿತು. ಏಸಿಯ ತಂಪಿನಲ್ಲಿ ವೇದಿಕೆಯ ಮೇಲಿನ ಅಧಿಕಾರಿಗಳಷ್ಟೇ ಉಳಿದರು. ಅವರಲ್ಲೂ ಒಬ್ಬಿಬ್ಬರು ಮೆಲ್ಲನೆ ತಲೆಯೆತ್ತಿ ಮೇಲೆ ನೋಡಿದರು. ನನ್ನ ಬೀಳ್ಕೊಡುಗೆ ಬೇವಿನ ಮರದ ಕೆಳಗೆ, ಗುಲಾಬಿ ಮಡಿಗಳ ಪಕ್ಕದಲ್ಲಿ ಮುಗಿಯಿತು. ಮಡಿಗಳ ಅಂಚಿಗೆ ಶಂಕರರಾವ್ ಆಗ ನೆಟ್ಟ ಒಡೆದ ಹೆಂಚು ಇನ್ನೂ ಹಾಗೆಯೇ ನಿಂತಿತ್ತು.

ಬೆವರು ಒರೆಸಿಕೊಳ್ಳುತ್ತ ಸುಶೀಲಾ ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. "ಈಗ ಹೇಳ್ರಿ ಶಾಂತಕ್ಕಾ, ಕಿರಿಯರಿಗೆ ಎರಡು ಮಾತು" ಎಂದಳು.

ಹುಡುಗಿಯರೆಲ್ಲ ಹಾಲಿನ ಛಾವಣಿಯನ್ನೇ ನೋಡುತ್ತ ಕುಳಿತಿದ್ದರು.